ಅಜ್ಜಿ ಕರಡಿಗೆ ಏನನ್ನಿಸಿತು?

ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ‘ಆಮೇಲೆ ಮಿಸ್’ ಎಂದು. ಎರಡನೇ ತರಗತಿಯ ಮಗು ಏನೇ ಹೇಳಲಿ, ಹಲ್ಲು ಬಿತ್ತು ಎನ್ನಲಿ, ಬೆಕ್ಕು ಮರಿ ಹಾಕಿತು ಎನ್ನಲಿ, ‘ಆಮೇಲೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಪುಟ್ಟ ಮಕ್ಕಳಿಗೆ ಕಥೆ ಬರೆಯುವುದನ್ನು ಕಲಿಸಿದವರು. ಪಕ್ಕದ ಮೂರನೇ ತರಗತಿ ನನ್ನದು. ನಡುವೆ ಇದ್ದದ್ದು ಬರೀ ಪ್ಲೈವುಡ್ ಗೋಡೆ, ಹಾಗಾಗಿ ಅವರ ಪಾಠ ನನಗೂ ಬಾಯಿಪಾಠ.

ಬೋರ್ಡಿನ ಎಡಗಡೆ ಮೂರು ಪ್ರಶ್ನೆ ಸದಾ ಇರುತ್ತಿದ್ದವು: ಏನಾಯಿತು? ಏನನ್ನಿಸಿತು? ನಿನಗೆ ಹೇಗೆ ಗೊತ್ತಾಯಿತು? ಮೂರನೆಯದೆಂದರೆ ಅವರಿಗೆ ಪ್ರಾಣ. ‘ಮೊಲಕ್ಕೆ ಭಯವಾಯಿತು’ ಎಂದಷ್ಟೇ ಬರೆದರೆ ಪುಸ್ತಕ ವಾಪಸ್. ಭಯ ಎಲ್ಲಿ ಕಾಣಿಸಿತು, ಕಿವಿಯಲ್ಲೋ ಕಾಲಲ್ಲೋ, ಅದನ್ನು ಬರೆಯಬೇಕು. ಕೆಲವೊಮ್ಮೆ ಅವರೇ ಹೊರಗೆ ಹೋಗಿ, ದಡದಡನೆ ಒಳಗೆ ಬಂದು, ಚೀಲವನ್ನು ಮೇಜಿನ ಮೇಲೆ ಕುಕ್ಕಿ, "ನಂಗೀಗ ಏನನ್ನಿಸ್ತಿದೆ, ಹೇಳಿ?" ಎನ್ನುವರು.

"ಸಿಟ್ಟು!"

"ಹೊಟ್ಟೆ ಹಸಿವು ಮಿಸ್!"

"ಎರಡೂ ಒಂದೇ ಕಣೋ. ಬೇಕಾದ್ರೆ ನಮ್ಮನೆಯವರನ್ನ ಕೇಳು."

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮಕ್ಕಳ ಮೇಲೆ ರೇಗುವ ಮುಂಚೆ ಅವರ ಮುಖ ನೋಡಬೇಕೆಂದು ನನಗೆ ಹೇಳಿಕೊಟ್ಟವರು ಅವರೇ. ಅಕ್ಕ ಎಂದೇ ಕರೆಯುತ್ತಿದ್ದೆ.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಏನೋ ಎಡವಟ್ಟಾಗತೊಡಗಿತು. ಒಂದು ದಿನ ಅಕ್ಕ ನನ್ನ ತರಗತಿಗೆ ಬಂದು ಹಾಜರಿ ಕೂಗತೊಡಗಿದರು. "ಅಕ್ಕ, ನಿಮ್ದು ಪಕ್ಕದ ರೂಮು" ಎಂದೆ. ನಕ್ಕರು, ನಾನೂ ನಕ್ಕೆ. ಇನ್ನೊಂದು ದಿನ ಗೋಡೆಯಾಚೆ ಹಿಂದಿನ ದಿನದ ಕೋತಿ ಕಥೆಯೇ, ಅಕ್ಷರ ಬಿಡದೆ, ಮತ್ತೆ ಕೇಳಿಸಿತು. ಕೋತಿ ಜಾರಿ ಬಿದ್ದ ಕಡೆ ಮಕ್ಕಳು ಗೊಳ್ಳೆಂದು ನಕ್ಕರು. ಮರುದಿನವೂ ಅದೇ ಕಥೆ, ಅದೇ ಜಾಗದಲ್ಲಿ ಅದೇ ನಗು. ಮಕ್ಕಳು ನಗುತ್ತಿದ್ದಾರಲ್ಲ, ಇದೂ ಪಾಠದ ಒಂದು ರೀತಿ ಇರಬೇಕು ಎಂದುಕೊಂಡು ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಕೋಪವಿದೆ.

ವಾರ ಕಳೆದಿರಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ ಒಂದು ನೋಟ್ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದರು. "ನೋಡೇ, ಈ ಮಗು ಎಂಥಾ ಕಥೆ ಬರೆದಿದೆ! ಓದು, ಓದು."

ಓದಿದೆ. ‘ಅಜ್ಜಿ ಕರಡಿ ಮರಿಗಳಿಗೆ ದಿನಾ ಕಥೆ ಹೇಳುತ್ತದೆ. ದಿನಾ ಅದೇ ಕಥೆ. ಮರಿಗಳು ದಿನಾ ನಗುತ್ತವೆ. ಒಂದು ದಿನ ಅಜ್ಜಿ ಕರಡಿ ಗಂಟೆ ಹೊಡೆಯುವ ಮುಂಚೆ ಗೇಟು ತೆಗೆಯಿತು. ಮರಿಗಳು ರಸ್ತೆಗೆ ಬಂದವು. ಲಾರಿ ಬಂತು. ಮರಿಗಳು ಕೈ ಕೈ ಹಿಡಿದುಕೊಂಡು ಅಜ್ಜಿ ಕರಡಿಯನ್ನು ಒಳಗೆ ಕರೆದುಕೊಂಡು ಬಂದವು. ಯಾರಿಗೂ ಹೇಳಲಿಲ್ಲ.’

ಕೆಳಗೆ ಉತ್ತರಗಳು. ಏನನ್ನಿಸಿತು? ‘ಅಜ್ಜಿ ಕರಡಿಗೆ ಹೆದರಿಕೆ.’ ಹೇಗೆ ಗೊತ್ತಾಯಿತು? ‘ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡುತ್ತದೆ. ಇದೇ ಕ್ಲಾಸಾ ಅಂತ. ಮರಿಗಳು ಕರೆದರೆ ಮಾತ್ರ ಒಳಗೆ ಬರುತ್ತದೆ.’

ತಲೆಯೆತ್ತಿದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷ ಮಕ್ಕಳ ಮುಖ ಓದಿದವರಿಗೆ ನನ್ನದು ಯಾವ ಲೆಕ್ಕ? ಅವರ ನಗು ಹಾಗೇ ನಿಂತುಹೋಯಿತು.

"ಇದು ನಾನಾ?"

ನಾನು ಪುಸ್ತಕ ಮುಚ್ಚಿ ಅವರ ಕೈ ಹಿಡಿದುಕೊಂಡೆ.

"ಗೇಟು ತೆಗೆದಿದ್ದು ನಂಗೆ ನೆನಪೇ ಇಲ್ಲ ಕಣೇ. ನಿಜಾನಾ ಅಂತ ಕೇಳ್ಕೊಂಡು ಬಾ."

ಕಥೆ ಬರೆದ ಹುಡುಗಿ ವರಾಂಡದಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದಳು. ಬಗ್ಗಿ ಕೇಳಿದೆ. ಅವಳು ಆಚೀಚೆ ನೋಡಿ, "ಹೂಂ ಮಿಸ್, ಲಾರಿ ತುಂಬಾ ಹತ್ರ ಬಂದಿತ್ತು" ಎಂದಳು. "ನಾವೆಲ್ಲ ಯಾರಿಗೂ ಹೇಳಬಾರ್ದು ಅಂದ್ಕೊಂಡಿದ್ವಿ. ಮಿಸ್‌ಗೆ ಬೇಜಾರಾಗತ್ತೆ." ಮತ್ತೆ ನನ್ನ ಕೈ ಹಿಡಿದು, "ನೀವೂ ಹೇಳ್ಬೇಡಿ" ಎಂದಳು. ಏಳು ವರ್ಷದ ಮೂವತ್ತು ಮಕ್ಕಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನನಗೆ ಅಳು ಬಂತು.

ವಾಪಸ್ ಬಂದಾಗ ಅಕ್ಕ ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಂಡರು. ಮೆಲ್ಲಗೆ ಹೇಳಿದರು: "ಈ ರೂಮು ಬಿಟ್ರೆ ನಂಗೆ ಬೇರೇನೂ ಗೊತ್ತಿಲ್ಲ. ಆದ್ರೆ ಇನ್ನೊಂದ್ಸಲ ಗೇಟು ತೆಗೆದ್ರೆ? ನಾಳೆ ಬೆಳಿಗ್ಗೆ ಹೆಡ್ ಮೇಷ್ಟ್ರಿಗೆ ನಾನೇ ಹೇಳ್ತೀನಿ. ಬೇರೆಯವರು ದೂರು ಹೇಳಿ ಕೆಲಸದಿಂದ ತೆಗೆಸಿದ್ರು ಅಂತ ಆಗಬಾರ್ದು. ನಾನೇ ಕೆಲಸ ಬಿಟ್ಟೆ ಅಂತ ಆಗ್ಬೇಕು. ನೀನು ಜೊತೆಗಿರು, ಸಾಕು."

"ಆಯ್ತು ಅಕ್ಕ."

ಆ ಮಧ್ಯಾಹ್ನ ಎರಡೂ ತರಗತಿಯನ್ನು ನನ್ನ ರೂಮಿನಲ್ಲೇ ಕೂರಿಸಿಕೊಂಡೆ. ಸಂಜೆ ಅಕ್ಕನ ಯಜಮಾನರು ಬಂದು ಕರೆದುಕೊಂಡು ಹೋದರು.

ಮರುದಿನ ಬೇಗ ಬಂದು ಹೆಡ್ ಮೇಷ್ಟ್ರ ಕೋಣೆಯ ಮುಂದೆ ಕಾದು ನಿಂತೆ. ಮೇಷ್ಟ್ರು ಒಳಗೆ ಏನೋ ಬರೆಯುತ್ತಿದ್ದರು. ಅಕ್ಕ ನೀಟಾಗಿ ತಲೆ ಬಾಚಿಕೊಂಡು, ಚುರುಕಾಗಿ ನಡೆದು ಬಂದರು. ಎಂಥ ಗಟ್ಟಿ ಹೆಂಗಸು ಎಂದು ಹೆಮ್ಮೆಯಾಯಿತು. ಬಂದವರೇ ಚೀಲಕ್ಕೆ ಕೈ ಹಾಕಿ ಆ ನೋಟ್ ಪುಸ್ತಕ ತೆಗೆದರು. ಮುಖದ ತುಂಬ ಸಂಭ್ರಮ.

"ನೋಡೇ, ಈ ಮಗು ಎಂಥಾ ಕಥೆ ಬರೆದಿದೆ! ಓದು, ಓದು."

ಪುಟ ತೆರೆದು, ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದೆ.

"ತುಂಬಾ ಚೆನ್ನಾಗಿದೆ ಅಕ್ಕ" ಎಂದೆ.

"ಅಲ್ವಾ?" ಎಂದು ಪುಸ್ತಕ ತೆಗೆದುಕೊಂಡು ಅಕ್ಕ ತರಗತಿಯ ಕಡೆ ಹೊರಟರು. ನಾನು ಒಬ್ಬಳೇ ಹೆಡ್ ಮೇಷ್ಟ್ರ ಕೋಣೆಯೊಳಗೆ ಹೋಗಿ, ಅಕ್ಕ ತಾವೇ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ.