ನಾಜುವಿನವಳು ಬಾಯಿ ಬಿಟ್ಟ ದಿನ

“ಅನುಭವ ಅನುಭವ ಅಂತ ಬೆಳಿಗ್ಗೆಯಿಂದ ಅದನ್ನೇ ಆಡ್ತಿದ್ದೀರಿ ಯಜಮಾನ್ರೇ. ಮತದ ಚೀಟೀಲಿ ಎರಡನೇ ನಂಬರಿನವ್ರು ಮಂತ್ರಿಯಾಗಿದ್ರು, ರಸ್ತೆ ಹಾಕಿಸಿದ್ರು, ಇಲ್ಲ ಅನ್ನಲ್ಲ. ಆ ರಸ್ತೇಲೇ ನಮ್ಮನೆಯೋರನ್ನ ಆಸ್ಪತ್ರೆಗೆ ಹಾಕ್ಕೊಂಡು ಹೋಗಿದ್ದು. ಆದ್ರೆ ನಿನ್ನೆ ಟೀವಿ ಚರ್ಚೇಲಿ ಹಾಸಿಗೆ ಹಿಡಿದೋರ ಗತಿಯೇನು ಅಂತ ಕೇಳಿದ್ರೆ, ಮನೆಯವ್ರು ನೋಡ್ಕೋಬೇಕು, ಅದು ನಮ್ಮ ಸಂಸ್ಕಾರ ಅಂದ್ಬಿಟ್ರು. ಒಂದನೇ ನಂಬರಿನವ್ನು ಚಿಕ್ಕೋನು, ಏನೂ ಆಳಿಲ್ಲ, ಅದೂ ಸರಿ. ಅಂಥ ಮನೆಗೆ ಆಳು ಕಳಿಸ್ತೀನಿ, ಸಂಬಳ ಸರ್ಕಾರದ್ದು ಅಂದ. ದುಡ್ಡು ಎಲ್ಲಿಂದ ತರ್ತಾನೋ, ಮಾಡ್ತಾನೋ ಬಿಡ್ತಾನೋ ನಂಗೊತ್ತಿಲ್ಲ. ನಮ್ಮನೆ ಕೋಣೆ ಒಳಗೆ ಏನಿದೆ ಅಂತ ಅವನೊಬ್ನೇ ನೆನೆಸ್ಕೊಂಡಿದ್ದು. ನಾನು ಮುದ್ರೆ ಒತ್ತೋದು ಅವನಿಗೇ.”

ಊರ ವಯಸ್ಸಾದವರು ಹಗಲು ಸೇರುವ ಹಿರಿಯರ ಮನೆಯಲ್ಲಿ ಬೆಳ್ಳುಳ್ಳಿ ದಂಟಿನ ಕಟ್ಟು ಕಟ್ಟುತ್ತಿದ್ದ ಹೆಂಗಸರ ಕೈ ನಿಂತುಹೋಯಿತು. ಚುನಾವಣೆಯ ಮಾತು ಬಂತೆಂದರೆ “ನಂಗೇನು ಗೊತ್ತು” ಎಂದು ಹಣ್ಣು ಹೆಚ್ಚಲು ಅಡಿಗೆಮನೆಗೆ ಎದ್ದುಹೋಗುತ್ತಿದ್ದವಳು ಜೊಮ್ರೆ. ಆವತ್ತು ಏಳಲಿಲ್ಲ.

ಜೊಮ್ರೆ ಎಂಬ ಹೆಸರು ಅವಳಿಗೇ ಮರೆತಂತಾಗಿತ್ತು. ಉಯಿಸಾಂಗ್ ಸೀಮೆಯ ಈ ಹಳ್ಳಿಗೆ ಸೊಸೆಯಾಗಿ ಬಂದವರನ್ನೆಲ್ಲ ತವರೂರಿನ ಹೆಸರಿನಿಂದಲೇ ಕರೆಯುವುದು. ಬೆಟ್ಟದಾಚೆಯ ನಾಜುವಿನಿಂದ ಬಂದವಳು ನಾಜು. ಮತ ಹಾಕುವ ಕಾಲ ಬಂದರೆ ಆ ಸೀಮೆಗೂ ಈ ಸೀಮೆಗೂ ಆಗಿಬರುವುದಿಲ್ಲ. ಹೆಸರಿನಲ್ಲೇ ತವರನ್ನು ಹೊತ್ತವಳು ಅದಕ್ಕೇ ನಲವತ್ತು ವರ್ಷ ತುಟಿ ಹೊಲಿದುಕೊಂಡಿದ್ದಳು.

ಊರಿನ ಮುಖ್ಯಸ್ಥ ಕ್ವೊನ್ ಯಜಮಾನರು ಟೀವಿಯ ಸದ್ದು ತಗ್ಗಿಸಿದರು. “ನಮ್ಮ ಬೆಳ್ಳುಳ್ಳಿ ಎಷ್ಟು ತಿಂದ್ರೇನು, ವಾಸನೆ ಮಾತ್ರ ನಾಜುದೇ.”

“ಅವ್ನು ನಾಜುವಿನೋನೇ ಅಲ್ವಲ್ಲ. ರಾಜಧಾನೀಲಿ ಹುಟ್ಟಿದೋನು.”

“ನಿಮ್ಮೋರೆಲ್ಲ ಒತ್ತೋದು ಅವನಿಗೇ ತಾನೇ? ಅಷ್ಟು ಸಾಕು.”

“ಬಿಡಿ ಯಜಮಾನ್ರೇ,” ಎಂದಳು ಮೂಲೆಯಲ್ಲಿದ್ದವಳೊಬ್ಬಳು, “ಆಳು ಬಂದ್ರೆ ನಮ್ಮನೇಗೂ ಕಳಿಸ್ತಾಳೆ. ನಮ್ಮೋನು ಕಾಯಿಲೆ ಇಲ್ದೇನೇ ಹಾಸಿಗೆ ಬಿಟ್ಟೇಳಲ್ಲ.” ಎಲ್ಲರೂ ನಕ್ಕರು. ಆಂಡೊಂಗಿನಕ್ಕ ನಗಲಿಲ್ಲ. ಜೊಮ್ರೆ ನೋಡಿದ್ದು ಅವಳೊಬ್ಬಳನ್ನೇ.

ಪಕ್ಕದ ಮನೆಯ ಆಂಡೊಂಗಿನಕ್ಕನಿಲ್ಲದೆ ಜೊಮ್ರೆಯ ದಿನ ಸಾಗುತ್ತಿರಲಿಲ್ಲ. ಗಂಡ ಸಂಗ್ದಲನಿಗೆ ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು. ಎತ್ತಿನಂಥ ಆಳು. ಮಗ್ಗುಲು ಬದಲಿಸಲು ಇಬ್ಬರು ಬೇಕು, ಬದಲಿಸದಿದ್ದರೆ ಬೆನ್ನು ಕೊಳೆಯುತ್ತದೆ. ಹಗಲು ಹೊತ್ತು ಆಗಾಗ ಬಂದು ಅವನ ಭುಜ ಹಿಡಿದೆತ್ತುತ್ತಿದ್ದವಳು ಆ ಅಕ್ಕ.

ಹೊರಗೆ ಚಪ್ಪಲಿ ಮೆಟ್ಟುವಾಗ ಆಂಡೊಂಗಿನಕ್ಕ ಮೆಲ್ಲಗೆ ಹೇಳಿದಳು, “ನೀನು ಯಾರಿಗಾದ್ರೂ ಒತ್ಕೋ, ನಂಗೇನು. ಬಾಯಲ್ಲಿ ಯಾಕಾಡ್ದೆ? ಆ ಸೀಮೆಯೋಳು ಅಂತ ಜನ ಅಂದಾಗೆಲ್ಲ, ಅವಳು ಹಂಗಲ್ಲ, ನಮ್ಮೋಳೇ ಅಂತ ಜಗಳಕ್ಕೆ ನಿಂತೋಳು ನಾನು. ಈಗ ನನ್ನ ಮುಖ ಎಲ್ಲಿಡ್ಲಿ?”

“ಹಂಗಲ್ಲ ಅಂದ್ರೆ ಹೆಂಗಕ್ಕ?”

ಆಂಡೊಂಗಿನಕ್ಕ ಹೊರಟುಹೋದಳು.

ಆ ಸಂಜೆ ಅವಳು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಜೊಮ್ರೆ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಸುತ್ತಿ, ಗೋಡೆಗೆ ಪಾದ ಒತ್ತಿ ಗಂಡನನ್ನು ಎಳೆದಳು. ಅರ್ಧ ಹೊರಳಿ ಮತ್ತೆ ಅಂಗಾತ ಬಿದ್ದ. ಅವನ ಟೊಂಕದ ಮೇಲೆ ಕೆಂಪಗಿದ್ದ ಜಾಗ ಚುನಾವಣೆಯ ಹೊತ್ತಿಗೆ ಬಾಯಿ ಬಿಟ್ಟು ನಾರುತ್ತಿತ್ತು. ಪಟ್ಟಿ ಕಟ್ಟಲು ಬಂದ ನರ್ಸು, “ಅಜ್ಜಿ, ಒಬ್ಬರೇನಾ?” ಎಂದು ಕೇಳಿ ಬೇರೆ ಕಡೆ ನೋಡಿದಳು.

“ಆಂಡೊಂಗ್... ಎಲ್ಲಿ?” ಸಂಗ್ದಲ ಸೊಟ್ಟ ಬಾಯಲ್ಲಿ ಕೇಳಿದ.

“ದಂಟು ಕೀಳೋ ಕಾಲ. ಕೆಲಸ ಇರುತ್ತೆ.”

ಮತದಾನದ ಬೆಳಿಗ್ಗೆ ಗುರುತಿನ ಚೀಟಿಯನ್ನು ರವಿಕೆಯೊಳಗಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಹಿಂದಿನ ಸಲ ಜೊಮ್ರೆ ಹೋಗಿ ಬರುವವರೆಗೆ ರೋಗಿಯ ಪಕ್ಕ ಕೂತಿದ್ದವಳು ಆಂಡೊಂಗಿನಕ್ಕನೇ. ಯಜಮಾನರ ವ್ಯಾನು ಹೆಂಗಸರನ್ನು ತುಂಬಿಕೊಂಡು ಮನೆಯ ಮುಂದೆ ನಿಧಾನವಾಗಿ ಸಾಗಿತು. ಕಿಟಕಿಯ ಪಕ್ಕದಲ್ಲಿದ್ದ ಆಂಡೊಂಗಿನಕ್ಕ ತಲೆಯ ಮೇಲಿನ ವಸ್ತ್ರವನ್ನು ಹಣೆಗೆ ಎಳೆದುಕೊಂಡು ಮಡಿಲು ನೋಡುತ್ತಿದ್ದಳು. ಜೊಮ್ರೆ ಏಳಲು ನೆಲಕ್ಕೆ ಕೈಯೂರಿದಳು. ಒಳಗೆ ಸಂಗ್ದಲ ನರಳಿದ.

ಚೀಟಿಯನ್ನು ಅಕ್ಕಿಯ ಡಬ್ಬದ ಮೇಲಿಟ್ಟು ಒಳಗೆ ಹೋದಳು. ಒದ್ದೆಯಾಗಿದ್ದ ಬಟ್ಟೆಯನ್ನು ಅವನ ಅಡಿಯಿಂದ ಸ್ವಲ್ಪ ಸ್ವಲ್ಪವೇ ಎಳೆದು ತೆಗೆದು, ಅಂಗಳದ ನಲ್ಲಿಯ ಕೆಳಗೆ ಬೇಸಿನ್ನಿಗೆ ಹಾಕಿ, ಸೋಪು ಹಚ್ಚಿ ಉಜ್ಜತೊಡಗಿದಳು.