ಬಂಗಾರ ಕೂಡದ ಕುಲುಮೆ: ಪ್ರೊ. ಇಂಗೆಲೀಸ ರಾವ್ನ್ ಅವರ ಸೇವಾವಧಿ

ಕೂದಲೆಳೆಗಿಂತ ಸಣ್ಣ ಅಂಗಾಂಗಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದು, ಅವುಗಳಿಂದ ಒತ್ತಡ ಅಳೆಯುವ, ಸದ್ದು ಕೇಳುವ ಯಂತ್ರಗಳನ್ನು ಮಾಡುವ ವಿದ್ಯೆ ಡೆನ್ಮಾರ್ಕಿನಲ್ಲಿ ಇಂದು ಬೇರೂರಿದೆಯೆಂದರೆ, ಆ ಬೇರಿಗೆ ನೀರೆರೆದವರ ಸಾಲಿನಲ್ಲಿ ಮಾನ್ಯ ಪ್ರೊ. ಇಂಗೆಲೀಸ ರಾವ್ನ್ ಅವರ ಹೆಸರು ಮುಂದೆಯೇ ಬರುತ್ತದೆ.

ಲೆಮ್ವಿ ಎಂಬ ಊರಿನಲ್ಲಿ ಮೀನುಬಲೆ ಹೆಣೆಯುವವರ ಮಗಳಾಗಿ ಹುಟ್ಟಿದ ಅವರು ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಇಲ್ಲಿ ಇದ್ದದ್ದು ಎರಡು ಕೋಣೆ, ಒಂದು ಹಳೆಯ ಕುಲುಮೆ. ಪಾಠದ ಮೊದಲ ದಿನವೇ ಪ್ರತಿ ವಿದ್ಯಾರ್ಥಿಯ ಕೈಗೆ ಹೊಸ ಬಿಲ್ಲೆಯೊಂದನ್ನು ಕೊಟ್ಟು, "ಮುರಿ" ಎನ್ನುತ್ತಿದ್ದರು. ಹುಡುಗರು ಹಿಂಜರಿದರೆ, "ಹೇಗೂ ಒಂದಿನ ಮುರೀತೀಯ. ಇವತ್ತೇ ಮುರಿದು ಭಯ ಬಿಡು" ಎಂದು ನಗುತ್ತಿದ್ದರು. ಸಣ್ಣ ಕೈಯವರಿಗೆ ಸರಿಹೊಂದುವ ಕೈಗವಸು ತರಿಸಿದವರೂ ಅವರೇ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಬೆರಳ ತುದಿ ಜೋತಾಡುವ ಕೈಗವಸಿನಲ್ಲೇ ಬಿಲ್ಲೆ ಎತ್ತುವ ಚಿಮುಟ ಹಿಡಿಯುತ್ತಿದ್ದರು.

ಬಂಗಾರ ಎಲ್ಲೆಲ್ಲೂ ಮಂಗಳ. ನಮ್ಮ ಕುಲುಮೆಗೆ ಮಾತ್ರ ವಿಷ. ಅದನ್ನು ಮುಟ್ಟಿದ ಒಂದು ಬಿಲ್ಲೆ ಒಳಹೊಕ್ಕರೆ ಜೊತೆಯಲ್ಲಿರುವ ಬಿಲ್ಲೆಗಳೆಲ್ಲ ಕೆಡುತ್ತವೆ. ಇಂಗೆಲೀಸ ಅವರ ಮಾರ್ಗದರ್ಶನದಲ್ಲಿದ್ದ ಆಸ್ಗರ್ ಎಂಬ ಸಂಶೋಧನಾ ವಿದ್ಯಾರ್ಥಿ, ತಲೆಯಲ್ಲಿ ನೀರು ತುಂಬಿದ ಹಸುಗೂಸುಗಳಿಗಾಗಿ ಒತ್ತಡಮಾಪಕ ಮಾಡುತ್ತಿದ್ದ. ಅವನ ಕೊನೆಯ ಕಂತಿನ ಬಿಲ್ಲೆಗಳು ಹೀಗೆಯೇ ಕೆಟ್ಟು ಹೊರಬಂದವು. ಹಿಂದಿನ ವಾರ ಬಿಲ್ಲೆಗಳಿಗೆ ಬಂಗಾರ ಲೇಪಿಸುವ ಮೇಜಿನಲ್ಲಿ ಕೆಲಸ ಮಾಡಿದ್ದವನು ಅವನೇ ಆದ್ದರಿಂದ ಎಲ್ಲರ ಬೆರಳೂ ಅವನತ್ತಲೇ ತಿರುಗಿತು. ತಪ್ಪು ಮಾಡಿದವರು ಶುಕ್ರವಾರ ಕೇಕ್ ತರುವುದು ನಮ್ಮಲ್ಲಿ ರೂಢಿ. ಕುಲುಮೆ ನೋಡಿಕೊಳ್ಳುತ್ತಿದ್ದ ಪ್ರೇಬೆನ್ ಬಿಡುವವರಲ್ಲ.

"ಏನಪ್ಪಾ ಆಸ್ಗರ್, ಈ ಸಲ ಕೇಕ್ ನಿಂದು ತಾನೇ? ಕೆನೆ ಜಾಸ್ತಿ ಹಾಕ್ಸು, ಜಿಪುಣತನ ಬೇಡ."

"ಕೇಕ್ ತರ್ತೀನಿ ಪ್ರೇಬೆನ್, ಪದವಿ ಎಲ್ಲಿಂದ ತರ್ಲಿ?" ಎಂದ ಆಸ್ಗರ್. ಆಮೇಲೆ ಯಾರೂ ನಗಲಿಲ್ಲ.

ಆ ಶುಕ್ರವಾರ ಕೇಕ್ ಹೊತ್ತು ತಂದವರು ಇಂಗೆಲೀಸ ಅವರು.

"ಏನಿದು, ಹುಟ್ಟಿದಹಬ್ಬಾನಾ?" ಎಂದರು ಪ್ರೇಬೆನ್.

"ಅಲ್ಲ, ನನ್ನ ಚಿಮುಟದ ಪ್ರಸಾದ. ಪರೀಕ್ಷೆ ಮಾಡಿಸ್ದೆ, ಅದರ ತುದೀಲಿ ಬಂಗಾರ ಇದೆ. ಆಸ್ಗರ್ ಜ್ವರ ಅಂತ ಮಲಗಿದ್ದಾಗ ಅವನ ಬಿಲ್ಲೆಗಳನ್ನ ಕುಲುಮೆಗಿಟ್ಟೋಳು ನಾನೇ. ಉಪಕಾರ ಮಾಡೋಕೆ ಹೋಗಿ ಉರುಳು ಹಾಕ್ದೆ."

ಕುಲುಮೆಯನ್ನು ತೊಳೆದು ಸರಿಪಡಿಸಿದ ಮೇಲೆ ಅದನ್ನು ಬಳಸುವ ತಮ್ಮ ಸರದಿಯನ್ನು ಅವರು ಆಸ್ಗರನಿಗೇ ಬಿಟ್ಟುಕೊಟ್ಟರು. ಕಿವುಡರಿಗಾಗಿ ತಾವು ಮಾಡುತ್ತಿದ್ದ ಕಿವಿಯಂತ್ರದ ಕೆಲಸ ಅಲ್ಲಿಗೇ ನಿಂತಿತು. ಆದರೂ ಆಸ್ಗರನಿಗೆ ಸಿಕ್ಕ ಅವಧಿಯಲ್ಲಿ ಒಳ್ಳೆಯ ಮಾಪಕಗಳು ಕೆಲವೇ ಆದವು. ಗುರುವಿನ ಹೆಸರು ಕೆಡಬಾರದೆಂದು ಅವನು ಪ್ರಬಂಧದಲ್ಲಿ "ಕುಲುಮೆ ಕಲುಷಿತವಾಯಿತು" ಎಂದಷ್ಟೇ ಬರೆದ.

ಬಹಿರಂಗ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಹೊರದೇಶದಿಂದ ಬಂದ ಪರೀಕ್ಷಕರು ಆ ಸಾಲಿನ ಮೇಲೆಯೇ ಬೆರಳಿಟ್ಟರು. "ಇಷ್ಟೇ ಮಾಪಕ ಸಾಕಾ? ಕೆಡಿಸಿದ್ದು ಯಾರು? ಸ್ವಂತ ಕುಲುಮೆ ಕಾಯೋಕಾಗದವರಿಗೆ ಪದವಿ ಹೇಗೆ ಕೊಡೋದು?"

ಆಸ್ಗರ್ ನೀರು ಕುಡಿದ.

ಸಭಿಕರಿಗೂ ಮಾತಿಗೆ ಅವಕಾಶವುಂಟು. ಆದರೆ ಮಾರ್ಗದರ್ಶಕರು ಅದನ್ನು ಬಳಸುವುದಿಲ್ಲ. ಇಂಗೆಲೀಸ ಅವರು ಮೂರನೆಯ ಸಾಲಿನಲ್ಲಿ ಎದ್ದು ನಿಂತರು. ಆ ಕುಲುಮೆಯ ಶುಚಿತ್ವದ ನಿಯಮ ಬರೆದವರೇ ಅವರು. ಅದನ್ನು ಓದಿಯೇ ಆ ಪರೀಕ್ಷಕರು ತಮ್ಮ ದೇಶದಲ್ಲಿ ಕುಲುಮೆ ಹೂಡಿದ್ದರು.

"ನಾನು ಕೆಡಿಸ್ದೆ," ಎಂದರು. "ನನ್ನ ನಿಯಮ ನಾನೇ ಮುರಿದೆ. ಹುಡುಗ ನನ್ನ ಮಾನ ಕಾಯೋಕೆ ತನ್ನ ಪದವಿ ಕಳ್ಕೊಳ್ತಿದಾನೆ. ಅದನ್ನ ನೋಡ್ಕೊಂಡು ಕೂರೋಕಾಗಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ, ಮುಂದಿನ ಪ್ರಶ್ನೆಯನ್ನು ಮಾಪಕದ ಬಗ್ಗೆ ಕೇಳಿದರು. ಆಸ್ಗರ್ ತೇರ್ಗಡೆಯಾದ. ಆ ಮಾಪಕದ ಮುಂದಿನ ರೂಪಗಳನ್ನು ಇಂದು ಮಕ್ಕಳ ಆಸ್ಪತ್ರೆಗಳಲ್ಲಿ ಬಳಸುತ್ತಾರೆ.

ನಿಂತುಹೋದ ಕಿವಿಯಂತ್ರ ಮಾತ್ರ ಇನ್ನೂ ಮುಗಿದಿಲ್ಲ. ಪಾಠ, ಸಭೆ, ಸಮಿತಿಗಳ ಹೊರೆ ಈಗ ನಿವೃತ್ತಿಯೊಂದಿಗೆ ಹೆಗಲಿನಿಂದ ಇಳಿದಿದೆ. ಅದನ್ನು ಮುಗಿಸುವಷ್ಟು ಆಯಸ್ಸು, ಕಣ್ಣಿಗೆ ಕಾಂತಿ, ಕೈಗೆ ಸ್ಥೈರ್ಯ ಮಾನ್ಯರಿಗೆ ಲಭಿಸಲಿ. ಆ ಯಂತ್ರವಿಟ್ಟ ಕಿವಿಯೊಂದು ಮೊದಲು ಅವರ ನಗುವನ್ನೇ ಕೇಳಲಿ.