ನೆಸ್ಟಾಳ ಹೆಸರಿನಲ್ಲಿ ಆಡುವ ಅಪ್ಪ

ವೇಲ್ಸ್‌ನ ಸ್ವಾನ್ಸೀ ಊರಿನ ನಮ್ಮ ಶಾಲೆಯಲ್ಲಿ ಒಂದನೇ ತರಗತಿಯವರಿಗೆ ಆನ್‌ಲೈನಿನಲ್ಲಿ ಗಣಿತದ ಆಟ ಆಡಿಸುವ ನನಗೆ ಮಕ್ಕಳಿಂದ ತೊಂದರೆಯಿಲ್ಲ. ತೊಂದರೆಯೆಲ್ಲ ಅಪ್ಪಂದಿರದು, ಅದರಲ್ಲೂ ಬಸ್ ಚಾಲಕ ಎಮ್ರಿಸ್ ಪ್ಯೂ ಅವರದು. ಶುಕ್ರವಾರ ಮಗಳು ನೆಸ್ಟಾಳನ್ನು ಕರೆದೊಯ್ಯಲು ಬಂದವರು ಗೇಟಿನಲ್ಲೇ ನನ್ನನ್ನು ತಡೆಯುತ್ತಾರೆ. “ಮಿಸ್, ಆಟದಲ್ಲಿನ ಆ ಕಪ್ಪೆ ನಾಲ್ಕಕ್ಕೆ ಹಾರು ಅಂದ್ರೆ ಐದಕ್ಕೆ ಹಾರತ್ತೆ, ಸ್ವಲ್ಪ ಬುದ್ಧಿ ಹೇಳಿ ಅದಕ್ಕೆ,” ಎನ್ನುತ್ತಾರೆ, ಕಪ್ಪೆಯನ್ನು ನಾನೇ ಸಾಕಿದ ಹಾಗೆ. ಪೆಂಗ್ವಿನ್‌ಗೆ ಮೀನು ಎಣಿಸಿ ಹಾಕುವ ಆಟದಲ್ಲಿ ಬಹುಮಾನ ಬರಲಿಲ್ಲವೆಂದು ಮುಖ್ಯೋಪಾಧ್ಯಾಯಿನಿಗೇ ಫೋನ್ ಮಾಡಿದ್ದಾರೆ. ಬಸ್ಸು ಡಿಪೋದಲ್ಲಿ ನಿಂತರೆ ಸಾಕು, ಮಗಳ ಹೆಸರಿನಲ್ಲಿ ಆಡಲು ಕೂರುತ್ತಾರೆ. ನೆಸ್ಟಾ ನನ್ನೆದುರು ಬೆರಳು ಮಡಚಿ ಎಣಿಸುತ್ತಿರುವಾಗಲೇ ಅವಳ ಅಂಕ ಏರುತ್ತಿರುತ್ತದೆ. ಆ ಹುಡುಗಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನಾನು ತಿಳಿಯುವುದಾದರೂ ಹೇಗೆ? ಕಳೆದ ವಾರ ತಾಳ್ಮೆಗೆಟ್ಟು, “ಪ್ಯೂ ಅವರೇ, ನಿಮ್ಮನ್ನೇ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಲಾ? ಇವತ್ತೇ ಪಾಸ್‌ವರ್ಡ್ ಬದಲಾಯಿಸ್ತೀನಿ,” ಎಂದೆ. ಅವರು ಎಂದಿನಂತೆ ನಗಲಿಲ್ಲ. “ವಾರವೆಲ್ಲ ಅವಳು ಅಮ್ಮನ ಮನೇಲಿರ್ತಾಳೆ, ಮಿಸ್. ನಾನು ಫೋನ್ ಮಾಡೋದು ಅವಳಮ್ಮನಿಗೆ ಹಿಡಿಸಲ್ಲ. ಅದಕ್ಕೇ ಆಟದಲ್ಲಿ ಒಂದು ಲೆಕ್ಕ ಅವಳಿಗಂತ ಬಿಟ್ಟಿರ್ತೀನಿ. ಸಂಜೆ ಅವಳು ಅದನ್ನ ಮಾಡಿ, ಮುಂದಿನದು ನನಗೆ ಬಿಡ್ತಾಳೆ,” ಎಂದರು. ಪಾಸ್‌ವರ್ಡ್ ಬದಲಾಯಿಸಲಿಲ್ಲ. ಸೋಮವಾರ ಶಾಲೆಯ ಕೆಲಸಕ್ಕೆಂದು ನೆಸ್ಟಾಳಿಗೆ ಇನ್ನೊಂದು ಖಾತೆ ತೆರೆದುಕೊಟ್ಟೆ. ಹಳೆಯದರಲ್ಲಿ ಮೂರಕ್ಕೆ ಎರಡು ಕೂಡಿಸುವ ಲೆಕ್ಕವೊಂದು ಉತ್ತರವಿಲ್ಲದೆ ನಿಂತಿತ್ತು. ಅದು ಯಾರ ಸರದಿಯೋ ತಿಳಿಯದೆ, ಮುಟ್ಟದೆ ಮುಚ್ಚಿದೆ.